ಮಣ್ಣಿನಲ್ಲಿ ಮದ್ದು ಹುಡುಕಿದ ತಿರುಮಲಾಚಾರ್

ತುಂಗಭದ್ರೆಯ ಸೀಮೆಯ ರೈತರಿಗೆ ಶಿಲೀಂಧ್ರಗಳ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಕಂಪ್ಲಿಯ ಗದ್ದೆಗಳಲ್ಲಿ ಭತ್ತದ ಎಲೆಯ ಮೇಲೆ ಕಣ್ಣಿನಾಕಾರದ ಚುಕ್ಕೆಗಳು ಮೂಡಿ, ಕೆಲವೇ ದಿನಗಳಲ್ಲಿ ಪೈರು ಸುಟ್ಟಂತೆ ಕಾಣುವ ಬೆಂಕಿ ರೋಗವನ್ನು ಅವರು ಬಲ್ಲರು. ಹೊಸಪೇಟೆಯ ಕಬ್ಬಿನ ತೋಟಗಳಲ್ಲಿ ಸುಳಿಯಿಂದ ಕರಿಯ ಚಾಟಿಯಂತೆ ಹೊರಬರುವ ಕಾಡಿಗೆ ರೋಗವನ್ನೂ ಬಲ್ಲರು. ಹಂಪಿಯ ಸುತ್ತಣ ಬಾಳೆಯ ತೋಟಗಳಲ್ಲಿ ಎಲೆ ಹಳದಿಯಾಗಿ ಗಿಡವೇ ಮಡಿಯುವ ಸೊರಗು ರೋಗ, ಸಂಡೂರಿನ ಮಳೆಯಾಶ್ರಿತ ಹೊಲಗಳಲ್ಲಿ ಜೋಳದ ಕಾಳನ್ನು ಕರಿಪುಡಿಯಾಗಿಸುವ ಕಾಡಿಗೆ, ಇವೆಲ್ಲವೂ ಶಿಲೀಂಧ್ರಗಳ ಕೆಲಸವೇ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಗಜಕರ್ಣ, ಬಾಯಿಯೊಳಗಿನ ಬಿಳಿಯ ಪದರ, ಕಿವಿಯ ಬೂಷ್ಟು ಎಂದು ಬರುವ ಬಾಧೆಗಳ ಮೂಲವೂ ಇದೇ ಜೀವಕುಲ.

ಶಿಲೀಂಧ್ರವನ್ನು ತಡೆಯಬಲ್ಲ ಮದ್ದು ಅದೇ ಮಣ್ಣಿನ ಇನ್ನೊಂದು ಸೂಕ್ಷ್ಮಜೀವಿಯೊಳಗೆ ಇದೆ ಎಂಬುದನ್ನು ಭಾರತದ ನೆಲದಲ್ಲಿಯೇ ತೋರಿಸಿಕೊಟ್ಟವರು ಒಬ್ಬ ಕನ್ನಡ ನಾಡಿನ ವಿಜ್ಞಾನಿ. ಅವರ ಹೆಸರು ಮಂಡಯಂ ಜೀರ್ಸನ್ನಿಧಿ ತಿರುಮಲಾಚಾರ್. ವಿಜ್ಞಾನ ವಲಯದಲ್ಲಿ ಎಂ.ಜೆ. ತಿರುಮಲಾಚಾರ್ ಎಂದೇ ಪ್ರಸಿದ್ಧರು. ಹ್ಯಾಮೈಸಿನ್, ಡರ್ಮೋಸ್ಟ್ಯಾಟಿನ್ ಮತ್ತು ಆರಿಯೋಫಂಜಿನ್ ಎಂಬ ಮೂರು ಶಿಲೀಂಧ್ರನಾಶಕಗಳ ಶೋಧದ ಹಿಂದೆ ಅವರಿದ್ದಾರೆ. ಸಸ್ಯರೋಗಗಳ ಅಧ್ಯಯನದಿಂದ ಆರಂಭವಾಗಿ ಮನುಷ್ಯರ ಔಷಧಿಯವರೆಗೆ ಸಾಗಿದ ಅವರ ಬದುಕು, ಸ್ವಾತಂತ್ರ್ಯೋತ್ತರ ಭಾರತದ ಒಂದು ದೊಡ್ಡ ಆಸೆಯ ಕಥೆಯೂ ಹೌದು, ಆ ಆಸೆ ಅರ್ಧದಲ್ಲಿ ನಿಂತ ಕಥೆಯೂ ಹೌದು.

ಮೈಸೂರು ಸಂಸ್ಥಾನದ ಹಿನ್ನೆಲೆ

ತಿರುಮಲಾಚಾರ್ ಹುಟ್ಟಿದ್ದು 1914ರಲ್ಲಿ, ಮೈಸೂರು ಸಂಸ್ಥಾನದಲ್ಲಿ. ಆ ವೇಳೆಗಾಗಲೇ ಈ ಸಂಸ್ಥಾನ ಶಿಲೀಂಧ್ರಗಳ ವಿರುದ್ಧ ಒಂದು ಮುಖ್ಯ ಹೋರಾಟವನ್ನು ಆರಂಭಿಸಿತ್ತು. ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸರ್ಕಾರದ ಶಿಲೀಂಧ್ರ ಹಾಗೂ ಕೀಟತಜ್ಞರಾಗಿ ಕೆಲಸಕ್ಕೆ ಸೇರಿದರು. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಪ್ರತಿ ಮಳೆಗಾಲದಲ್ಲಿಯೂ ಕಂಗೆಡಿಸುತ್ತಿದ್ದ ಕೊಳೆರೋಗವನ್ನು ಅವರು ಅಧ್ಯಯನಕ್ಕೆ ಎತ್ತಿಕೊಂಡರು. ಅಡಿಕೆ ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಅಲ್ಲಿಯವರೆಗೆ ಗೊತ್ತಿದ್ದ ಉಪಾಯ. ಕೋಲ್ಮನ್ ಅವರು ಮೈಲುತುತ್ತು ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯನ್ನು ತೋಟಗಳಿಗೆ ತಂದರು. ಇಂದಿಗೂ ಮಲೆನಾಡಿನ ತೋಟಗಾರ ಮಳೆ ಹಿಡಿಯುವ ಮೊದಲು ಮಾಡುವ ಕೆಲಸ ಅದೇ.

ಕೋಲ್ಮನ್ ಅವರ ಗರಡಿಯಲ್ಲಿ ಬೆಳೆದವರಲ್ಲಿ ಎಂ.ಜೆ. ನರಸಿಂಹನ್ ಒಬ್ಬರು. ಮೈಸೂರು ಕೃಷಿ ಇಲಾಖೆಯ ಶಿಲೀಂಧ್ರತಜ್ಞರಾಗಿದ್ದ ಅವರು ಕೊಳೆರೋಗದ ಜೀವಿಯ ಸಂತಾನ ಕ್ರಮದ ಬಗ್ಗೆ 1930ರಲ್ಲಿ ಪ್ರಕಟಿಸಿದ ಸಂಶೋಧನೆ ಹೊರದೇಶಗಳಲ್ಲಿಯೂ ಗಮನ ಸೆಳೆಯಿತು. ಮುಂದೆ ತಿರುಮಲಾಚಾರ್ ಮತ್ತು ನರಸಿಂಹನ್ ಒಟ್ಟಾಗಿ ಅನೇಕ ಲೇಖನಗಳನ್ನು ಪ್ರಕಟಿಸಿದರು. ಹಿರಿಯರ ಮೇಲಿನ ಗೌರವಕ್ಕೆ ಗುರುತಾಗಿ ಒಂದು ಶಿಲೀಂಧ್ರ ಕುಲಕ್ಕೆ ನರಸಿಂಹಾನಿಯ ಎಂಬ ಹೆಸರನ್ನು ತಿರುಮಲಾಚಾರ್ 1952ರಲ್ಲಿ ಇಟ್ಟರು.

ತಿರುಮಲಾಚಾರ್ ಅವರ ಆರಂಭದ ಸಂಶೋಧನೆ ನಡೆದದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ. ಅಂದು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದ ಈ ಕಾಲೇಜು, ಕನ್ನಡಿಗರಿಗೆ ಹಸುರು ಹೊನ್ನಿನ ಲೇಖಕರಾಗಿ ಪರಿಚಿತರಾದ ಬಿ.ಜಿ.ಎಲ್. ಸ್ವಾಮಿ ಅವರಂಥ ಸಸ್ಯವಿಜ್ಞಾನಿಗಳನ್ನೂ ನಾಡಿಗೆ ಕೊಟ್ಟಿತು. ಅಲ್ಲಿ ದೊಡ್ಡ ಯಂತ್ರೋಪಕರಣಗಳಿರಲಿಲ್ಲ. ಸೂಕ್ಷ್ಮದರ್ಶಕ, ಗಾಜಿನ ಪಟ್ಟಿ, ಕಾಡುಮೇಡು ಸುತ್ತಿ ತಂದ ರೋಗಪೀಡಿತ ಎಲೆಗಳು ಇವಿಷ್ಟೇ ಬಂಡವಾಳ. ತುಕ್ಕು ರೋಗ ಮತ್ತು ಕಾಡಿಗೆ ರೋಗಗಳನ್ನು ಉಂಟುಮಾಡುವ ಶಿಲೀಂಧ್ರಗಳನ್ನು ಅವರು ಒಂದೊಂದಾಗಿ ಬಿಡಿಸಿ ನೋಡತೊಡಗಿದರು. 

ಹೆಸರು ತಿಳಿದರೆ ಮದ್ದು ತಿಳಿದೀತು

ಶಿಲೀಂಧ್ರಗಳಿಗೆ ಹೆಸರಿಡುವುದು ವಿದ್ವಾಂಸರ ಹವ್ಯಾಸವೆಂದು ಹೊರಗಿನವರಿಗೆ ತೋರಬಹುದು. ರೈತನ ಮಟ್ಟಿಗೆ ಅದು ಲಾಭನಷ್ಟದ ಪ್ರಶ್ನೆ. ಬಳ್ಳಾರಿ ಸೀಮೆಯ ಜೋಳವನ್ನೇ ತೆಗೆದುಕೊಳ್ಳಬಹುದು. ಜೋಳಕ್ಕೆ ಒಂದೇ ಕಾಡಿಗೆ ಇಲ್ಲ, ಹಲವು ಇವೆ. ಕಾಳು ಕಾಡಿಗೆಯ ಬೀಜಕಣಗಳು ಬಿತ್ತನೆ ಬೀಜದ ಮೇಲ್ಮೈಗೆ ಅಂಟಿಕೊಂಡಿರುತ್ತವೆ. ಆದ್ದರಿಂದ ಬೀಜಕ್ಕೆ ಗಂಧಕದ ಪುಡಿ ಬೆರೆಸಿ ಬಿತ್ತಿದರೆ ರೋಗ ದೂರವಾಗುತ್ತದೆ. ತೆನೆ ಪೂರ್ತಿಯಾಗಿ ಕರಿಮುದ್ದೆಯಾಗುವ ತೆನೆ ಕಾಡಿಗೆಯ ಕಣಗಳು ಮಣ್ಣಿನಲ್ಲಿ ಉಳಿದಿರುತ್ತವೆ. ಅದಕ್ಕೆ ಗಂಧಕ ಉಪಚಾರ ಸಾಲದು. ಕಬ್ಬಿನ ಕಾಡಿಗೆ ಬಿತ್ತನೆಯ ತುಂಡಿನ ಒಳಗೇ ಅಡಗಿ ಬರುತ್ತದೆ, ಗಾಳಿಯಲ್ಲಿಯೂ ಹರಡುತ್ತದೆ. ಅದಕ್ಕೆ ತುಂಡುಗಳನ್ನು ಬಿಸಿನೀರಿನಲ್ಲಿ ಉಪಚರಿಸುವ ಕ್ರಮವಿದೆ. ಕಣ್ಣಿಗೆ ಎಲ್ಲವೂ ಕರಿಪುಡಿಯೇ. ಆದರೆ ಯಾವ ಶಿಲೀಂಧ್ರ, ಅದು ಎಲ್ಲಿ ಅಡಗುತ್ತದೆ, ಹೇಗೆ ಮೊಳೆಯುತ್ತದೆ ಎಂಬುದು ಗೊತ್ತಾಗದೆ ಸರಿಯಾದ ಉಪಾಯ ಹೊಳೆಯದು.

ಈ ಕ್ಷೇತ್ರದಲ್ಲಿ ಅಂದು ದೇಶದ ದೊಡ್ಡ ಹೆಸರು ಬಿ.ಬಿ. ಮುಂಡ್ಕೂರ್ ಅವರದು. 1947ರಲ್ಲಿ ಭಾರತೀಯ ಸಸ್ಯರೋಗ ವಿಜ್ಞಾನಿಗಳ ಸಂಘ ಸ್ಥಾಪನೆಯಾಗಲು ಕಾರಣರಾದವರು ಅವರು. ತಿರುಮಲಾಚಾರ್ 1944ರಲ್ಲಿಯೇ ತಾವು ಗುರುತಿಸಿದ ಹೊಸ ಕಾಡಿಗೆ ಕುಲಕ್ಕೆ ಮುಂಡ್ಕೂರೆಲ್ಲ ಎಂದು ಹೆಸರಿಟ್ಟಿದ್ದರು. ಇಬ್ಬರೂ ಸೇರಿ ಭಾರತದ ಕಾಡಿಗೆ ಶಿಲೀಂಧ್ರಗಳೆಲ್ಲವನ್ನೂ ಒಂದೆಡೆ ವಿವರಿಸುವ ಗ್ರಂಥವನ್ನು ಸಿದ್ಧಪಡಿಸಿದರು. 1952ರಲ್ಲಿ ಇಂಗ್ಲೆಂಡಿನ ಕ್ಯೂ ಪಟ್ಟಣದ ಕಾಮನ್‌ವೆಲ್ತ್ ಶಿಲೀಂಧ್ರ ಸಂಸ್ಥೆ ಅದನ್ನು ಪ್ರಕಟಿಸಿತು.

ರಾಗಿಯ ತೆನೆ ಕಾಳು ಕಟ್ಟುವ ಬದಲು ಹಸಿರು ಎಲೆಗಳ ಗೊಂಚಲಾಗಿಬಿಡುವ ಒಂದು ರೋಗ ಮೈಸೂರಿನ ರೈತರಿಗೆ ಪರಿಚಿತವಾಗಿತ್ತು. ತಿರುಮಲಾಚಾರ್, ನರಸಿಂಹನ್ ಮತ್ತು ಅಮೆರಿಕದ ಚಾರ್ಲ್ಸ್ ಶಾ ಅದರ ರೋಗಾಣುವನ್ನು ಪರೀಕ್ಷಿಸಿ, ಅದನ್ನು ಹಿಂದಿನವರು ಸೇರಿಸಿದ್ದ ಕುಲಕ್ಕೆ ಅದು ಸೇರದೆಂದು ಸಾಧಿಸಿದರು. 1953ರಲ್ಲಿ ಅದಕ್ಕೆ ಸ್ಕ್ಲಿರಾಫ್ತೊರ ಎಂಬ ಹೊಸ ಕುಲವನ್ನು ರಚಿಸಿದರು. ರಾಗಿಯ ಹೊಲದಿಂದ ಹೊರಟ ಈ ಹೆಸರು ಇಂದು ಜಗತ್ತಿನ ಎಲ್ಲ ಸಸ್ಯರೋಗ ಪಠ್ಯಗಳಲ್ಲಿದೆ. ಭತ್ತ, ಗೋಧಿ ಮತ್ತು ಮೆಕ್ಕೆಜೋಳಗಳನ್ನೂ ಇದೇ ರೋಗಾಣು ಕಾಡುತ್ತದೆ.

ಅದೇ 1953 ತುಂಗಭದ್ರಾ ತೀರದ ಪಾಲಿಗೂ ದೊಡ್ಡ ವರ್ಷ. ಆ ಅಕ್ಟೋಬರ್ 1ರಂದು ಬಳ್ಳಾರಿ ಸೀಮೆ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯವನ್ನು ಸೇರಿತು. ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿಯುವ ಕಾಲವೂ ಅದೇ. ವಿಜಯನಗರದ ಅರಸರು ತೆಗೆಸಿದ ಹಳೆಯ ಕಾಲುವೆಗಳ ಅಂಚಿನಲ್ಲಿ ಮಾತ್ರ ಇದ್ದ ಭತ್ತ, ಕಬ್ಬು ಮತ್ತು ಬಾಳೆ ವಿಸ್ತಾರವಾಗಿ ಹಬ್ಬಿದವು. ಜೋಳ ಬೆಳೆಯುತ್ತಿದ್ದ ಒಣಭೂಮಿ ನೀರು ನಿಲ್ಲುವ ಗದ್ದೆಯಾಯಿತು. ತೇವ ಹೆಚ್ಚಿದಲ್ಲಿ ಶಿಲೀಂಧ್ರವೂ ಹೆಚ್ಚುತ್ತದೆ. ನೀರಾವರಿಯ ಸಮೃದ್ಧಿಯ ಜೊತೆಗೇ ಬೆಂಕಿ ರೋಗವೂ ಎಲೆಯ ಕವಚ ಕೊಳೆಯುವ ರೋಗವೂ ಗದ್ದೆಗೆ ಬಂದವು.

ಪಿಂಪ್ರಿಯ ಕಾರ್ಖಾನೆ

1940ರ ದಶಕದ ಕೊನೆಯಲ್ಲಿ ತಿರುಮಲಾಚಾರ್ ಅಮೆರಿಕದಲ್ಲಿ ಸಂಶೋಧನೆ ನಡೆಸಿದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಸ್ಯರೋಗ ವಿಜ್ಞಾನಿ ಜೇಮ್ಸ್ ಡಿಕ್ಸನ್ ಅವರೊಂದಿಗೆ ಕಾಡಿಗೆ ಶಿಲೀಂಧ್ರವನ್ನು ಪ್ರಯೋಗಶಾಲೆಯಲ್ಲಿ ಬೆಳೆಸುವ ಬಗ್ಗೆ 1949ರಲ್ಲಿ ಲೇಖನ ಪ್ರಕಟಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಬಿಹಾರದಲ್ಲಿ ಆಲೂಗಡ್ಡೆಯ ಕೊಳೆರೋಗಗಳನ್ನು ಅಧ್ಯಯನ ಮಾಡಿದರು. ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಅಧ್ಯಾಪನ ನಡೆಸಿದರು. ಬಳಿಕ ಅವರ ಬದುಕನ್ನು ತಿರುಗಿಸಿದ್ದು ಪುಣೆಯ ಹೊರವಲಯದ ಪಿಂಪ್ರಿ.

ಸ್ವತಂತ್ರ ಭಾರತ ಆಗ ಪೆನಿಸಿಲಿನ್‌ಗಾಗಿ ಪರದೇಶಗಳನ್ನು ಅವಲಂಬಿಸಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ನೆಹರೂ ಸರ್ಕಾರ 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸಾರ್ವಜನಿಕ ಉದ್ದಿಮೆಯನ್ನು ಸ್ಥಾಪಿಸಿತು. ಮರುವರ್ಷವೇ ಅಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. ಪರದೇಶದ ಜ್ಞಾನದಿಂದ ಔಷಧಿ ತಯಾರಿಸುವುದರ ಜೊತೆಗೆ ಹೊಸ ಔಷಧಿಯನ್ನು ಇಲ್ಲಿಯೇ ಶೋಧಿಸಬೇಕೆಂಬ ಆಸೆಯೂ ಆ ಕಾರ್ಖಾನೆಗೆ ಇತ್ತು. ಅದರ ಸಂಶೋಧನಾ ವಿಭಾಗದ ನೇತೃತ್ವ ತಿರುಮಲಾಚಾರ್ ಅವರದಾಯಿತು. ಬೆಳೆಯ ರೋಗಗಳನ್ನು ನೋಡುತ್ತಿದ್ದವರು ಔಷಧಿ ಕಾರ್ಖಾನೆಗೆ ಬಂದದ್ದು ಮೇಲ್ನೋಟಕ್ಕೆ ವಿಚಿತ್ರ. ಆದರೆ ಪೆನಿಸಿಲಿನ್ ತಯಾರಿಸುವುದೂ ಒಂದು ಬೂಷ್ಟೇ. ಸೂಕ್ಷ್ಮಜೀವಿಗಳನ್ನು ಪ್ರತ್ಯೇಕಿಸಿ, ಗುರುತಿಸಿ, ಬೆಳೆಸುವ ವಿದ್ಯೆ ಅವರ ಕೈಯಲ್ಲಿತ್ತು.

1955ರಲ್ಲಿ ಅವರು ಮಣ್ಣಿನ ಸೂಕ್ಷ್ಮಜೀವಿಗಳ ಒಂದು ಹೊಸ ಕುಲವನ್ನು ನೇಚರ್ ಪತ್ರಿಕೆಯಲ್ಲಿ ವಿವರಿಸಿದರು. ಪೆನಿಸಿಲಿನ್ ಕುರಿತ ಕೆಲಸಕ್ಕಾಗಿ ನೊಬೆಲ್ ಪಡೆದ ಅರ್ನ್ಸ್ಟ್ ಚೈನ್ ಅವರ ಗೌರವಾರ್ಥ ಅದಕ್ಕೆ ಚೈನಿಯ ಎಂದು ಹೆಸರಿಟ್ಟರು. ಮುಂದಿನ ದಶಕಗಳಲ್ಲಿ ವಿಜ್ಞಾನಿಗಳು ಆ ಕುಲವನ್ನು ಸ್ಟ್ರೆಪ್ಟೊಮೈಸಿಸ್ ಎಂಬ ದೊಡ್ಡ ಕುಲದಲ್ಲಿ ಸೇರಿಸಿದರು. ತಿರುಮಲಾಚಾರ್ ಅವರ ಮುಖ್ಯ ಶೋಧಗಳು ದೊರೆತದ್ದೂ ಈ ಸ್ಟ್ರೆಪ್ಟೊಮೈಸಿಸ್ ಬಳಗದಲ್ಲಿಯೇ.

ಮೊದಲ ಮಳೆಯ ವಾಸನೆ

ಬೇಸಿಗೆಯ ಕೊನೆಯಲ್ಲಿ ಸಂಡೂರಿನ ಗುಡ್ಡಗಳ ಮೇಲೆ ಮೊದಲ ಮಳೆ ಬಿದ್ದಾಗ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಪ್ರಿಯ. ಆ ವಾಸನೆಗೆ ಮುಖ್ಯ ಕಾರಣವೇ ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು. ಇವು ಬೂಷ್ಟಿನಂತೆ ಎಳೆಎಳೆಯಾಗಿ ಬೆಳೆಯುತ್ತವೆ. ಆದರೆ ಬೂಷ್ಟಲ್ಲ. ಚಿಟಿಕೆ ಮಣ್ಣಿನಲ್ಲಿ ಇಂಥವು ಲಕ್ಷಾಂತರ. ಮಣ್ಣಿನಲ್ಲಿ ಆಹಾರ ಕಡಿಮೆ, ಪೈಪೋಟಿ ಹೆಚ್ಚು. ಆ ಪೈಪೋಟಿಯ ನಡುವೆ ಬದುಕುವ ಇವು, ಸುತ್ತಲಿನ ಇತರ ಸೂಕ್ಷ್ಮಜೀವಿಗಳನ್ನು ತಡೆಯಬಲ್ಲ ರಾಸಾಯನಿಕಗಳನ್ನು ಸ್ರವಿಸುತ್ತವೆ. ಸ್ಟ್ರೆಪ್ಟೊಮೈಸಿನ್ ಮೊದಲಾದ ಹಲವು ಪ್ರತಿಜೀವಕಗಳು ಹೀಗೆ ದೊರೆತವೇ.

ಬ್ಯಾಕ್ಟೀರಿಯಾವನ್ನು ಕೊಲ್ಲುವ ಮದ್ದಿಗಿಂತ ಶಿಲೀಂಧ್ರವನ್ನು ಕೊಲ್ಲುವ ಮದ್ದನ್ನು ಹುಡುಕುವುದು ಬಹಳ ಕಷ್ಟ. ಬ್ಯಾಕ್ಟೀರಿಯಾದ ದೇಹರಚನೆ ಮನುಷ್ಯನ ಜೀವಕೋಶಕ್ಕಿಂತ ಬಹಳ ಭಿನ್ನ. ಶಿಲೀಂಧ್ರದ ಜೀವಕೋಶ ಹಾಗಲ್ಲ, ಅದು ಅನೇಕ ವಿಷಯಗಳಲ್ಲಿ ಮನುಷ್ಯನ ಜೀವಕೋಶವನ್ನೇ ಹೋಲುತ್ತದೆ. ಶಿಲೀಂಧ್ರಕ್ಕೆ ಹಾಕಿದ ವಿಷ ರೋಗಿಗೂ ತಾಗುತ್ತದೆ. ಇರುವ ಒಂದು ಮುಖ್ಯ ವ್ಯತ್ಯಾಸವೆಂದರೆ ಜೀವಕೋಶದ ಪೊರೆಯಲ್ಲಿನ ಕೊಬ್ಬು. ಮನುಷ್ಯನಲ್ಲಿ ಅದು ಕೊಲೆಸ್ಟರಾಲ್, ಶಿಲೀಂಧ್ರದಲ್ಲಿ ಎರ್ಗೋಸ್ಟರಾಲ್. ಪಾಲಿಯೀನ್ ಎಂಬ ವರ್ಗದ ಪ್ರತಿಜೀವಕಗಳು ಎರ್ಗೋಸ್ಟರಾಲನ್ನು ಹಿಡಿದು ಶಿಲೀಂಧ್ರದ ಪೊರೆಯನ್ನು ಕೆಡಿಸುತ್ತವೆ. ಕೊಲೆಸ್ಟರಾಲನ್ನು ಅಷ್ಟಾಗಿ ಹಿಡಿಯುವುದಿಲ್ಲ. ಈ ಸಣ್ಣ ವ್ಯತ್ಯಾಸದ ಸಂದಿಯಲ್ಲಿಯೇ ಚಿಕಿತ್ಸೆ ನಡೆಯಬೇಕು.

ಈ ದಾರಿಯನ್ನು ತೆರೆದವರು ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್. ವರ್ಜೀನಿಯಾದ ಒಂದು ಹೊಲದ ಮಣ್ಣಿನಿಂದ ಅವರು ಪಡೆದ ನಿಸ್ಟ್ಯಾಟಿನ್ 1950ರಲ್ಲಿ ಬೆಳಕಿಗೆ ಬಂತು. ನ್ಯೂಯಾರ್ಕ್ ರಾಜ್ಯದ ಹೆಸರೇ ಅದರಲ್ಲಿ ಅಡಗಿದೆ. ದಕ್ಷಿಣ ಅಮೆರಿಕದ ಒರಿನೋಕೊ ನದಿಯ ಸೀಮೆಯ ಮಣ್ಣಿನಿಂದ ಆಂಫೊಟೆರಿಸಿನ್-ಬಿ ಇದೇ ದಶಕದಲ್ಲಿ ದೊರೆಯಿತು. ಭಾರತದ ಮಣ್ಣಿನಲ್ಲಿಯೂ ಇಂಥದ್ದು ಇರಲೇಬೇಕೆಂಬುದು ಪಿಂಪ್ರಿಯ ತಂಡದ ನಂಬಿಕೆಯಾಗಿತ್ತು.

ಕೆಲಸದ ಕ್ರಮ ಕೇಳಲು ಸರಳ, ಮಾಡಲು ಸಹನೆಯದು. ಮಣ್ಣನ್ನು ನೀರಿನಲ್ಲಿ ಕದಡಿ, ಹಲವು ಸಲ ತೆಳುಗೊಳಿಸಿ, ಪೋಷಕ ದ್ರವ್ಯ ತುಂಬಿದ ಗಾಜಿನ ತಟ್ಟೆಗಳ ಮೇಲೆ ಹರಡಬೇಕು. ಬೆಳೆದ ಚುಕ್ಕೆಗಳಲ್ಲಿ ಪುಡಿಪುಡಿಯಾಗಿ ಕಾಣುವ ಸ್ಟ್ರೆಪ್ಟೊಮೈಸಿಸ್‌ಗಳನ್ನು ಆರಿಸಿ ಬೇರೆ ಮಾಡಬೇಕು. ಪ್ರತಿಯೊಂದನ್ನೂ ರೋಗಕಾರಕ ಶಿಲೀಂಧ್ರಗಳ ಎದುರು ಬೆಳೆಸಬೇಕು. ಶಿಲೀಂಧ್ರ ಹತ್ತಿರ ಸುಳಿಯದೆ ನಡುವೆ ಖಾಲಿ ಜಾಗ ಉಳಿದರೆ ಅಲ್ಲಿ ಏನೋ ಇದೆ ಎಂದರ್ಥ. ನೂರಾರು ಜೀವಿಗಳಲ್ಲಿ ಒಂದೆರಡು ಮಾತ್ರ ಹೀಗೆ ಉಳಿಯುತ್ತವೆ. ಅವುಗಳಲ್ಲಿಯೂ ಹೆಚ್ಚಿನವು ಈಗಾಗಲೇ ಗೊತ್ತಿರುವ ವಸ್ತುವನ್ನೇ ಕೊಡುತ್ತವೆ, ಇಲ್ಲವೇ ಪ್ರಾಣಿಗಳಿಗೆ ವಿಷವಾಗುತ್ತವೆ. ಜೀವಿ ಹೊಸದೋ ಹಳೆಯದೋ ಎಂದು ನಿರ್ಧರಿಸುವಲ್ಲಿ ತಿರುಮಲಾಚಾರ್ ಅವರ ವರ್ಗೀಕರಣದ ಕಣ್ಣು ಉಪಯೋಗಕ್ಕೆ ಬಂತು. ಕಾಡಿಗೆ ಕಣಗಳನ್ನು ಬೇರ್ಪಡಿಸಿ ನೋಡಿದ ವರ್ಷಗಳು ಇಲ್ಲಿ ಫಲ ಕೊಟ್ಟವು.

ಮೂರು ಮದ್ದುಗಳು

1961ರಲ್ಲಿ ತಿರುಮಲಾಚಾರ್ ಮತ್ತು ಅವರ ಸಹೋದ್ಯೋಗಿಗಳು ಹ್ಯಾಮೈಸಿನ್ ಶೋಧವನ್ನು ಪ್ರಕಟಿಸಿದರು. ಅದನ್ನು ತಯಾರಿಸುವ ಜೀವಿಗೆ ಊರಿನ ಹೆಸರನ್ನೇ ಸೇರಿಸಿ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನ ಎಂದು ಕರೆದರು. ಮದ್ದಿನ ಹೆಸರಿನ ಆರಂಭದಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್‌ನ ಮೊದಲಕ್ಷರಗಳಿವೆ. ಭಾರತದ ಸರ್ಕಾರಿ ಕಾರ್ಖಾನೆಯೊಂದು ತನ್ನ ಪ್ರಯೋಗಶಾಲೆಯಲ್ಲಿಯೇ ಕಂಡುಹಿಡಿದ ಪ್ರತಿಜೀವಕ ಎಂಬ ಹೆಮ್ಮೆ ಅದಕ್ಕೆ ಸಂದಿತು. ಬಾಯಿಯ ಬಿಳಿಪದರ, ಮಹಿಳೆಯರನ್ನು ಕಾಡುವ ಗುಪ್ತಾಂಗದ ಶಿಲೀಂಧ್ರ ಸೋಂಕು, ಕಿವಿಯ ಬೂಷ್ಟು ಮೊದಲಾದವುಗಳ ಚಿಕಿತ್ಸೆಯಲ್ಲಿ ಅದು ಬಳಕೆಗೆ ಬಂತು. ದೇಹದ ಒಳಗೆ ಹರಡುವ ಬ್ಲಾಸ್ಟೊಮೈಕೋಸಿಸ್ ಎಂಬ ಶಿಲೀಂಧ್ರ ರೋಗದ ಮೇಲೆ ಅಮೆರಿಕದ ವೈದ್ಯರೂ 1960ರ ದಶಕದಲ್ಲಿ ಅದನ್ನು ಪರೀಕ್ಷಿಸಿ ನೋಡಿದರು. ಪಿಂಪ್ರಿಯ ಮಣ್ಣಿನ ಮದ್ದು ಅಮೆರಿಕದ ಆಸ್ಪತ್ರೆಯ ಮಂಚದವರೆಗೆ ಹೋದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

1962ರಲ್ಲಿ ಡರ್ಮೋಸ್ಟ್ಯಾಟಿನ್ ಬಂತು. ಹೆಸರೇ ಸೂಚಿಸುವಂತೆ ಇದು ಚರ್ಮದ ಶಿಲೀಂಧ್ರಗಳ ವಿರುದ್ಧ ಕೆಲಸ ಮಾಡುವ ವಸ್ತು. ಬೆವರು, ಬಿಸಿಲು ಮತ್ತು ತೇವಗಳ ನಾಡಿನಲ್ಲಿ ಗಜಕರ್ಣದಂಥ ಚರ್ಮರೋಗ ಎಷ್ಟು ಸಾಮಾನ್ಯವೆಂಬುದು ಎಲ್ಲರಿಗೂ ತಿಳಿದದ್ದೇ.

1964ರಲ್ಲಿ ಪ್ರಕಟವಾದ ಆರಿಯೋಫಂಜಿನ್ ಮತ್ತೆ ತಿರುಮಲಾಚಾರ್ ಅವರನ್ನು ಹೊಲಕ್ಕೆ ಕರೆತಂದಿತು. ಬೋರ್ಡೋ ದ್ರಾವಣ, ಗಂಧಕ ಮೊದಲಾದವು ಎಲೆಯ ಮೇಲೆ ಕುಳಿತು ಕಾವಲು ಕಾಯುವ ಮದ್ದುಗಳು. ಮಳೆ ಬಂದರೆ ತೊಳೆದುಹೋಗುತ್ತವೆ. ಆರಿಯೋಫಂಜಿನ್ ಸಸ್ಯದ ಒಳಗೆ ಹೀರಲ್ಪಟ್ಟು ಸಾಗಬಲ್ಲದು ಎಂಬುದು ಅದರ ವಿಶೇಷ. ಭತ್ತದ ಬೆಂಕಿ ರೋಗ ಹಾಗೂ ದ್ರಾಕ್ಷಿ ಮತ್ತು ಸೇಬಿನ ಬೂದಿ ರೋಗಗಳ ಮೇಲೆ ಅದನ್ನು ಪ್ರಯೋಗಿಸಲಾಯಿತು. ತುಮಕೂರು, ಹಾಸನ ಕಡೆಯ ತೆಂಗಿನ ಬೆಳೆಗಾರರು ಅಣಬೆ ರೋಗವೆಂದು ಕರೆಯುವ, ತಮಿಳುನಾಡಿನಲ್ಲಿ ತಂಜಾವೂರು ಸೊರಗು ಎನ್ನಲಾಗುವ ರೋಗಕ್ಕೆ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಇದನ್ನು ಶಿಫಾರಸು ಮಾಡಿತು. 2 ಗ್ರಾಂ ಆರಿಯೋಫಂಜಿನ್ ಮತ್ತು 1 ಗ್ರಾಂ ಮೈಲುತುತ್ತನ್ನು 100 ಮಿಲಿಲೀಟರ್ ನೀರಿನಲ್ಲಿ ಕರಗಿಸಿ, ತೆಂಗಿನ ಒಂದು ಎಳೆಯ ಬೇರನ್ನು ಓರೆಯಾಗಿ ಕತ್ತರಿಸಿ, ಆ ದ್ರಾವಣದ ಪ್ಲಾಸ್ಟಿಕ್ ಚೀಲದೊಳಗೆ ಅದ್ದಿ ಕಟ್ಟುವ ಪದ್ಧತಿ ಅದು. ಬೇರು ಮದ್ದನ್ನು ಹೀರಿಕೊಳ್ಳುತ್ತದೆ. ಮೂರು ತಿಂಗಳಿಗೊಮ್ಮೆ ಇದನ್ನು ಮಾಡಬೇಕು. ಹೀಗೆ ಬೇರಿಗೆ ಚೀಲ ಕಟ್ಟಿದ ಎಷ್ಟೋ ಬೆಳೆಗಾರರಿಗೆ ಆ ಮದ್ದಿನ ಹಿಂದೆ ಮೈಸೂರು ಸೀಮೆಯ ವಿಜ್ಞಾನಿಯೊಬ್ಬರಿದ್ದಾರೆಂಬುದು ತಿಳಿದಿರಲಾರದು.

ಸಸ್ಯರೋಗ ವಿಜ್ಞಾನಿಯಾಗಿ ಬೆಳೆದ ತಿರುಮಲಾಚಾರ್ ಅವರಿಗೆ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ದೊರೆತದ್ದು ವೈದ್ಯಕೀಯ ವಿಜ್ಞಾನಗಳ ವಿಭಾಗದಲ್ಲಿ. ಅವರ ಕೆಲಸದ ಹರಹನ್ನು ತೋರಿಸಲು ಇಷ್ಟು ಸಾಕು. ದೇಶದ ಪ್ರಮುಖ ವಿಜ್ಞಾನ ಅಕಾಡೆಮಿಗಳು ಅವರನ್ನು ಸದಸ್ಯರನ್ನಾಗಿ ಆರಿಸಿ ಗೌರವಿಸಿದವು.

ಹಿನ್ನಡೆಯ ವರ್ಷಗಳು

ಹ್ಯಾಮೈಸಿನ್ ಎಲ್ಲ ನಿರೀಕ್ಷೆಗಳನ್ನೂ ಪೂರೈಸಲಿಲ್ಲ ಎಂಬುದೂ ಇತಿಹಾಸದ ಭಾಗವೇ. ಬಾಯಿಯ ಮೂಲಕ ಕೊಟ್ಟಾಗ ಅದು ರಕ್ತಕ್ಕೆ ಸೇರುವ ಪ್ರಮಾಣ ಕಡಿಮೆ. ಹಾಗಾಗಿ ದೇಹದ ಆಳದ ಸೋಂಕುಗಳಲ್ಲಿ ಅದು ಆಂಫೊಟೆರಿಸಿನ್ ಸ್ಥಾನವನ್ನು ಹಿಡಿಯಲಾಗಲಿಲ್ಲ. 1970ರ ದಶಕದಿಂದ ಈಚೆಗೆ ಕ್ಲೋಟ್ರಿಮಜೋಲ್, ಕೀಟೊಕೊನಜೋಲ್, ಫ್ಲುಕೊನಜೋಲ್ ಮೊದಲಾದ ಕೃತಕ ಮದ್ದುಗಳು ಒಂದಾದ ಮೇಲೊಂದರಂತೆ ಬಂದವು. ಸೂಕ್ಷ್ಮಜೀವಿಯನ್ನು ಬೆಳೆಸಿ ಮದ್ದು ತೆಗೆಯುವುದಕ್ಕಿಂತ ಅವುಗಳನ್ನು ತಯಾರಿಸುವುದು ಸುಲಭ. ಹ್ಯಾಮೈಸಿನ್ ಹಿಂದೆ ಸರಿಯಿತು.

ಕೃಷಿಯಲ್ಲಿ ಇನ್ನೊಂದು ಕಥೆ ನಡೆಯಿತು. ಜಪಾನಿನ ಹಮಾವೊ ಉಮೆಜಾವಾ ಅವರ ತಂಡ ನಾರಾ ನಗರದ ಕಸುಗ ದೇಗುಲದ ಆವರಣದ ಮಣ್ಣಿನಿಂದ ಪಡೆದ ಸ್ಟ್ರೆಪ್ಟೊಮೈಸಿಸ್‌ನಲ್ಲಿ ಭತ್ತದ ಬೆಂಕಿ ರೋಗದ ಮದ್ದನ್ನು ಕಂಡು 1965ರಲ್ಲಿ ಪ್ರಕಟಿಸಿತು. ದೇಗುಲದ ಹೆಸರಿನಿಂದಲೇ ಅದು ಕಸುಗಮೈಸಿನ್ ಆಯಿತು. ಅದೇ ದೇಶದಿಂದ ಬಂದ ವ್ಯಾಲಿಡಾಮೈಸಿನ್ ಭತ್ತದ ಎಲೆಕವಚದ ರೋಗಕ್ಕೆ ಮದ್ದು. ಇವೆರಡೂ ಇಂದು ಭಾರತದ ಗದ್ದೆಗಳಲ್ಲಿ ಬಳಕೆಯಲ್ಲಿವೆ. ಜಪಾನ್ ತನ್ನ ಶೋಧಗಳನ್ನು ಗದ್ದೆಯವರೆಗೂ, ಮಾರುಕಟ್ಟೆಯವರೆಗೂ ಬಿಡದೆ ಬೆನ್ನುಹತ್ತಿತು. ಪಿಂಪ್ರಿಯ ಶೋಧಗಳಿಗೆ ಅಂಥ ಬೆಂಬಲ ದೀರ್ಘಕಾಲ ದೊರೆಯಲಿಲ್ಲ.

ಪಿಂಪ್ರಿಯ ನಂತರ ತಿರುಮಲಾಚಾರ್ ಅಮೆರಿಕಕ್ಕೆ ತೆರಳಿದರು. ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದ ಅವರು, ಕ್ಯಾಲಿಫೋರ್ನಿಯಾದಲ್ಲಿ ಜೀರ್ಸನ್ನಿಧಿ-ಆಂಡರ್ಸನ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಮನೆತನದ ಹೆಸರು ಹೀಗೆ ಸಾಗರದಾಚೆಗೆ ಒಂದು ಸಂಶೋಧನಾಲಯದ ಫಲಕವನ್ನೇರಿತು. 1999ರಲ್ಲಿ ಅವರು ತೀರಿಕೊಂಡರು.

ಅಷ್ಟರಲ್ಲಿ ಅವರು ಕೆಲಸ ಮಾಡಿದ ಕಾರ್ಖಾನೆಯೂ ಸೊರಗಿತ್ತು. 1990ರ ದಶಕದಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು. ಅದರ ಸಹಭಾಗಿತ್ವದಲ್ಲಿ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆ ಔಷಧಿ ತಯಾರಿಕೆಯನ್ನು ಮುಂದುವರಿಸಿತು. ಆದರೆ ಮಣ್ಣಿನಿಂದ ಹೊಸ ಮದ್ದು ಹುಡುಕುವ ಪಿಂಪ್ರಿಯ ಆ ಪರಂಪರೆ ಹಿಂದಿನ ಹುರುಪಿನಲ್ಲಿ ಉಳಿಯಲಿಲ್ಲ.

2021 ಕಲಿಸಿದ ಪಾಠ

ಶಿಲೀಂಧ್ರ ರೋಗವೆಂದರೆ ಗಜಕರ್ಣ, ತುರಿಕೆ ಎಂದಷ್ಟೇ ತಿಳಿದಿದ್ದ ನಗರವಾಸಿಗಳಿಗೆ 2021ರ ಬೇಸಿಗೆ ಬೇರೆಯೇ ಮುಖವನ್ನು ತೋರಿಸಿತು. ಕೋವಿಡ್ ಎರಡನೆಯ ಅಲೆಯಲ್ಲಿ ಗುಣಮುಖರಾಗುತ್ತಿದ್ದವರನ್ನು, ಅದರಲ್ಲಿಯೂ ಮಧುಮೇಹಿಗಳನ್ನು, ಕಪ್ಪು ಶಿಲೀಂಧ್ರ ಆವರಿಸಿತು. ಮೂಗು, ಕಣ್ಣು, ಮೆದುಳಿನತ್ತ ಹರಡುವ ಈ ರೋಗದಿಂದ ಅನೇಕರು ಕಣ್ಣು ಕಳೆದುಕೊಂಡರು, ಪ್ರಾಣ ಕಳೆದುಕೊಂಡರು. ಜುಲೈ ವೇಳೆಗೆ ದೇಶದಲ್ಲಿ 45 ಸಾವಿರಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು. ಚಿಕಿತ್ಸೆಗೆ ಬೇಕಾದ ಮುಖ್ಯ ಮದ್ದು ಆಂಫೊಟೆರಿಸಿನ್-ಬಿ. ಒರಿನೋಕೊ ತೀರದ ಮಣ್ಣಿನಿಂದ ಬಂದ ಅದೇ ಪಾಲಿಯೀನ್. ಕರ್ನಾಟಕವೂ ಸೇರಿದಂತೆ ರಾಜ್ಯಗಳೆಲ್ಲ ಅದಕ್ಕಾಗಿ ಪರದಾಡಿದವು. ಕೇಂದ್ರವು ರಾಜ್ಯಗಳಿಗೆ ಅದನ್ನು ಹಂಚಿಕೆಯ ಲೆಕ್ಕದಲ್ಲಿ ಕೊಡಬೇಕಾಯಿತು, ಹೊರದೇಶದಿಂದಲೂ ತರಿಸಬೇಕಾಯಿತು. ರೋಗಿಗಳ ಬಂಧುಗಳು ಔಷಧಿ ಅಂಗಡಿಯಿಂದ ಅಂಗಡಿಗೆ ಅಲೆದರು.

ಹ್ಯಾಮೈಸಿನ್ ಇದ್ದಿದ್ದರೆ ಅವರು ಬದುಕುತ್ತಿದ್ದರೆಂದು ಹೇಳಲಾಗದು. ಅದು ಆ ರೋಗದ ಮದ್ದೆಂದು ಸಾಬೀತಾದುದಲ್ಲ. ಆದರೆ ಅದೇ ವರ್ಗದ ಮದ್ದನ್ನು ತನ್ನ ಮಣ್ಣಿನಿಂದ ತಾನೇ ಶೋಧಿಸಿ, ಅದನ್ನು ಬೆಳೆಸಿ ತಯಾರಿಸುವ ವಿದ್ಯೆಯನ್ನು 60 ವರ್ಷಗಳ ಹಿಂದೆಯೇ ಗಳಿಸಿದ್ದ ದೇಶ, ಆಪತ್ತಿನ ದಿನ ಸರತಿಯಲ್ಲಿ ನಿಲ್ಲಬೇಕಾಯಿತು ಎಂಬುದು ಯೋಚಿಸಬೇಕಾದ ಮಾತು. ಮದ್ದು ಕೈಬಿಟ್ಟದ್ದಕ್ಕಿಂತ ಆ ವಿದ್ಯೆಯನ್ನು ಬೆಳೆಸದೆ ಬಿಟ್ಟದ್ದು ದೊಡ್ಡ ನಷ್ಟ.

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲ ಬಾರಿಗೆ ಅಪಾಯಕಾರಿ ಶಿಲೀಂಧ್ರಗಳ ಪಟ್ಟಿಯನ್ನು ಹೊರತಂದಿತು. ಅದರಲ್ಲಿ 19 ಶಿಲೀಂಧ್ರಗಳಿವೆ. ಕ್ಯಾಂಡಿಡಾ ಆರಿಸ್‌ನಂಥ ಕೆಲವು ಈಗಿರುವ ಮದ್ದುಗಳಿಗೆ ಜಗ್ಗದ ಹಂತ ತಲುಪಿವೆ. ಶಿಲೀಂಧ್ರಗಳ ವಿರುದ್ಧ ವೈದ್ಯರ ಕೈಯಲ್ಲಿರುವ ಮದ್ದಿನ ವರ್ಗಗಳು ಬೆರಳೆಣಿಕೆಯಷ್ಟು. ಹೊಲಗಳಲ್ಲಿಯೂ ಅದೇ ಸ್ಥಿತಿ. ಒಂದೇ ಮದ್ದನ್ನು ಮತ್ತೆ ಮತ್ತೆ ಸಿಂಪಡಿಸಿದಲ್ಲಿ ಅದು ತನ್ನ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಬಾಳೆಯ ಸೊರಗು ರೋಗಕ್ಕೆ ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೋಡರ್ಮಾ ಬೆರೆಸಿ ಹಾಕುವ ಪದ್ಧತಿ ಈಗ ಪ್ರಚಾರದಲ್ಲಿದೆ. ಶಿಲೀಂಧ್ರವನ್ನು ಇನ್ನೊಂದು ಸೂಕ್ಷ್ಮಜೀವಿಯಿಂದಲೇ ಹಿಮ್ಮೆಟ್ಟಿಸುವ ಈ ಉಪಾಯ ತಿರುಮಲಾಚಾರ್ ಹಿಡಿದ ದಾರಿಯ ಇನ್ನೊಂದು ಕವಲು.

ಈ ದಾರಿಯಲ್ಲಿ ಮುಂದೆ ಸಾಗಬೇಕಾದರೆ ಮಣ್ಣು ಉಳಿದಿರಬೇಕು. ಸಂಡೂರಿನ ಕಬ್ಬಿಣ ಮತ್ತು ಮ್ಯಾಂಗನೀಸ್ ತುಂಬಿದ ಗುಡ್ಡಗಳ ಕಾಡುಮಣ್ಣಿಗೆ ತನ್ನದೇ ಗುಣವಿದೆ. ಅಕ್ರಮ ಗಣಿಗಾರಿಕೆಯ ವರ್ಷಗಳಲ್ಲಿ ಅಲ್ಲಿನ ಮೇಲ್ಮಣ್ಣು ಎಷ್ಟೋ ಕಡೆ ಅದಿರಿನೊಂದಿಗೇ ಕೊಚ್ಚಿಹೋಯಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ ಆ ನಷ್ಟ ನಡೆದೇ ಇತ್ತು. ಹೋದ ಅದಿರಿಗೆ ಲೆಕ್ಕ ಹಾಕಿದವರಿದ್ದಾರೆ. ಅದರ ಮೇಲಿದ್ದ ಮಣ್ಣಿನೊಂದಿಗೆ ಹೋದ ಸೂಕ್ಷ್ಮಜೀವಿಗಳ ಲೆಕ್ಕವನ್ನು ಯಾರೂ ಇಡಲಿಲ್ಲ.

ಜಪಾನಿನ ದೇಗುಲದ ಆವರಣದಲ್ಲಿ, ಪಿಂಪ್ರಿಯ ನೆಲದಲ್ಲಿ, ವರ್ಜೀನಿಯಾದ ಹೊಲದಲ್ಲಿ ದೊರೆತಂಥದ್ದು ಹಂಪಿಯ ಬಂಡೆಗಳ ಸಂದಿಯ ಮಣ್ಣಿನಲ್ಲಿಯೂ ಕಂಪ್ಲಿಯ ಗದ್ದೆಯ ಕೆಸರಿನಲ್ಲಿಯೂ ಇರಬಾರದೇಕೆ? ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಇಂದು ಸೂಕ್ಷ್ಮಜೀವಿ ವಿಜ್ಞಾನವನ್ನು ಓದುವ ಮಕ್ಕಳಿದ್ದಾರೆ. ತಿರುಮಲಾಚಾರ್ ಆರಂಭಿಸಿದಾಗ ಇದ್ದದ್ದಕ್ಕಿಂತ ಉತ್ತಮವಾದ ಸೂಕ್ಷ್ಮದರ್ಶಕಗಳು ಅವರ ಕೈಗೆಟುಕುತ್ತವೆ. ಊರ ಸುತ್ತಲಿನ ಮಣ್ಣನ್ನು ಸಹನೆಯಿಂದ ಪರೀಕ್ಷಿಸುವ ಅವರ ಪ್ರಯತ್ನಕ್ಕೆ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ನೆರವಾಗುವುದಾದರೆ, ಪಿಂಪ್ರಿಯಲ್ಲಿ ನಿಂತ ಕೆಲಸ ತುಂಗಭದ್ರೆಯ ತೀರದಲ್ಲಿ ಮತ್ತೆ ಆರಂಭವಾಗಬಹುದು.